ಒಂದು ಬೆರಳಿನ ಹೆಲಿಕಾಪ್ಟರ್

ಮಾರ್ಚ್ 3, ಬೆಳಿಗ್ಗೆ 10

ಇವತ್ತೂ ಬಿತ್ತು. ಏಳನೇ ಸಲ. ಎರಡಾಳೆತ್ತರ ಏಳುವಷ್ಟರಲ್ಲಿ ಬುಗುರಿಯಂತೆ ಗಿರಗಿರನೆ ತಿರುಗಿ ಬಾಲ ಮುರಿದುಕೊಂಡಿತು. ಕಂಪ್ಯೂಟರ್ ಗೇಮ್‌ನಲ್ಲಿ ನಾನು ಜೋಡಿಸಿದ್ದು ತಾನೆ, ಯಾರಿಗೂ ಪೆಟ್ಟಿಲ್ಲ. ತಂಗಿ ಮಂಚದ ಮೇಲಿಂದಲೇ ನಕ್ಕಳು.

"ಅಕ್ಕಾ, ಹೆಲಿಕಾಪ್ಟರ್ ಮಾಡು ಅಂದ್ರೆ ಮಿಕ್ಸಿ ಮಾಡಿದ್ಯಲ್ಲೇ."

ನನ್ನದು ಮೂವತ್ತು ವರ್ಷ ಹೊಲಿಗೆ ಮಷೀನ್ ರಿಪೇರಿ ಮಾಡಿದ ಕೈ. ಅವಳದು ಹ್ಯಾಂಗರ್‌ನಲ್ಲಿ ನಿಜವಾದ ಹೆಲಿಕಾಪ್ಟರ್‌ಗಳ ಬೋಲ್ಟ್ ಬಿಗಿದ ಕೈ. ಒಮ್ಮೆಯೂ ಹಾರಿಸಿದವಳಲ್ಲ. ಈಗ ನರ ಸಾಯುವ ಕಾಯಿಲೆ. ಕೈಕಾಲಲ್ಲಿ ಆಡುವುದು ಎಡಗೈ ಹೆಬ್ಬೆರಳೊಂದೇ. ಒಂದು ಬೆರಳು, ಒಂದೇ ಕೀ — ಅಷ್ಟರಲ್ಲಿ ಅವಳೇ ಹಾರಿಸಬೇಕು. ಮಿಕ್ಕದ್ದನ್ನೆಲ್ಲ ಹೆಲಿಕಾಪ್ಟರ್ ತಾನಾಗಿ ನೋಡಿಕೊಳ್ಳಬೇಕು.

ಆ ಬೆರಳು ಇನ್ನೆಷ್ಟು ದಿನ ಅಂತ ಕೇಳಿದೆ. "ವಾರಗಳು" ಅಂದರು ಡಾಕ್ಟರ್.

ಮಾರ್ಚ್ 4

ತಿರುಗದಿರಲಿ ಅಂತ ಮೂತಿಗೆ ಭಾರ ಹಾಕಿದೆ. ಹೊಲಿಗೆ ಮಷೀನ್ ಕುಣಿದರೆ ಕಾಲಿಗೆ ಭಾರ ಕಟ್ಟುತ್ತಿದ್ದೆವು. ಅದೇ ಬುದ್ಧಿ. ತಿರುಗುವುದು ನಿಲ್ಲಲಿಲ್ಲ, ಮೂತಿ ಅಡಿಯಾಗಿ ಬಿತ್ತು.

"ಭಾರ ಮದ್ದಲ್ಲ ಅಕ್ಕಾ. ರೆಕ್ಕೆ ಒಂದು ಕಡೆ ತಿರುಗಿದ್ರೆ ಮೈ ಇನ್ನೊಂದು ಕಡೆ ತಿರುಗುತ್ತೆ. ಬಾಲದಲ್ಲಿ ಎದುರು ತಳ್ಳೋರು ಬೇಕು."

"ಮೇಲೆ ಎರಡು ರೆಕ್ಕೆ ಇಟ್ಟು ಎದುರುಬದುರು ತಿರುಗಿಸಿದ್ರೆ ಮುಗೀತಲ್ಲೇ?"

"ನಾನು ಬೋಲ್ಟ್ ಬಿಗಿದಿದ್ದು ಒಂಟಿ ರೆಕ್ಕೇದಕ್ಕೆ. ಮೋಸ ಬೇಡ."

ಹಟ. ಅಮ್ಮನದೇ ಅಚ್ಚು.

ಮಾರ್ಚ್ 9, ಮಧ್ಯಾಹ್ನ

ಬಾಲಕ್ಕೆ ಪುಟ್ಟ ರೆಕ್ಕೆ ಇಟ್ಟೆ. ತಿರುಗುವುದು ನಿಂತಿತು! ಈಗ ಏಡಿಯಂತೆ ಪಕ್ಕಕ್ಕೆ ಸರಿಯುತ್ತದೆ. ದೊಡ್ಡ ರೆಕ್ಕೆಯನ್ನು ಕೂದಲೆಳೆಯಷ್ಟು ಓರೆ ಮಾಡು ಅಂದಳು. ಮಾಡಿದೆ. ನಿಂತಿತು — ಒಂದು ಬದಿಗೆ ತುಸು ವಾಲಿಕೊಂಡು.

"ಅದು ಹಂಗೇನೇ. ವಾಲದೆ ನಿಲ್ಲಲ್ಲ."

ಮಾತು ತೊದಲುತ್ತಿದೆ. ಎರಡು ಸಲ ಹೇಳಿಸಿಕೊಂಡೆ. ನನ್ನ ಕಿವಿಯೇ ಮಂದ ಅಂತ ನೆಪ ಹೇಳಿದೆ.

ಮಾರ್ಚ್ 10

ಕೀ ಒತ್ತಿ ಹಿಡಿದರೆ ಏರುತ್ತದೆ, ಬಿಟ್ಟರೆ ಬೀಳುತ್ತದೆ. ಅವಳ ಬೆರಳಿಗೆ ಹಿಡಿದಿಡುವಷ್ಟು ಕಸುವಿಲ್ಲ. ಬಿತ್ತು. ಗೋಡೆ ನೋಡುತ್ತ ಮಲಗಿದಳು.

ಹಾಗಾದರೆ ಕೀ ಮುಟ್ಟದಿದ್ದರೂ ಗಾಳಿಯಲ್ಲಿ ನಿಲ್ಲಬೇಕು. ಒಮ್ಮೆ ಮುಟ್ಟಿದರೆ ಒಂದು ಮಾರು ಏರಬೇಕು. ರೆಕ್ಕೆ ಎತ್ತುವ ಬಲ, ಮೈಯ ಭಾರ... ಎರಡೂ ಸರಿಸಮ ಆಗಬೇಕು.

ಮಾರ್ಚ್ 17, ಸಂಜೆ 4

ಆಯಿತು. ಗೈರೋ ಅಂತ ಒಂದು ಡಬ್ಬಿ ಇದೆ, ಅತ್ತಿತ್ತ ಹೊಯ್ದಾಡಿದರೆ ಅದೇ ಸರಿಪಡಿಸುತ್ತದೆ. ಹಾಕಿದೆ. ಬಲ, ಭಾರ ಸರಿಸಮ ಮಾಡಿ ಮೇಲೇರಿಸಿ, ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ನಿಂತೇ ಇದೆ!

"ಏಳೇ, ನಿನ್ನ ಸವಾರಿ ರೆಡಿ."

ಹೆಬ್ಬೆರಳನ್ನು ಕೀ ಮೇಲೆ ಇಟ್ಟುಕೊಟ್ಟೆ. ಕಾದೆವು. ಬೆರಳು ಆಡಲಿಲ್ಲ. ನಿನ್ನೆ ನನ್ನ ಅಂಗೈ ಒತ್ತಿತ್ತು. ನಿನ್ನೆ.

ಅಷ್ಟರಲ್ಲಿ ಪರದೆಯಲ್ಲಿ... ಏರಿತು. ಒಂದಿಷ್ಟು. ಮತ್ತಿಷ್ಟು. ಮರಗಳಾಚೆ ಸಮುದ್ರ ಕಂಡಿತು.

"ನೋಡೇ! ನೀನೇ ಒತ್ತಿದೆ!"

ಬಹಳ ಹೊತ್ತು ಹಿಡಿಯಿತು ಅವಳಿಗೆ. "ಎಣ್ಣೆ... ಕಮ್ಮಿ ಆಯ್ತು. ಅದಕ್ಕೆ... ಹಗುರ. ಸುಳ್ಳುಬುರುಕಿ."

ಕಸುಬಿನವಳ ಕಣ್ಣಿಗೆ ಮಣ್ಣೆರಚಲು ಹೋದೆ, ನೋಡು. ನಕ್ಕಳು. ನಾನೂ ನಕ್ಕೆ. ಇಳಿಸಲಾ ಅಂದರೆ ಕಣ್ಣಲ್ಲೇ ಬೇಡ ಅಂದಳು. ಟ್ಯಾಂಕ್ ಬರಿದಾಗುವವರೆಗೂ ಏರಿತು, ನೋಡಿದೆವು. ಆಮೇಲಿನದನ್ನು ನೋಡಗೊಡಲಿಲ್ಲ. ಪರದೆ ಆರಿಸಿದೆ.

ಏಪ್ರಿಲ್ 29, ಬೆಳಿಗ್ಗೆ 10

ತಂಗಿ ಮಲಗುತ್ತಿದ್ದ ಬಾಡಿಗೆ ಮಂಚ ವಾಪಸ್ ಒಯ್ದರು. ನೆಲಹಾಸಿನಲ್ಲಿ ಅದರ ಕಾಲಿನ ನಾಲ್ಕು ಗುಳಿ. ದಾಟಿಕೊಂಡು ಓಡಾಡುತ್ತಿದ್ದೇನೆ, ಯಾಕೋ.

ಗೇಮ್ ತೆರೆದೆ. ಅವತ್ತು ಅವಳನ್ನು ಕರೆಯುವ ಮೊದಲು ಸೇವ್ ಮಾಡಿದ್ದೇ ಇದೆ. ಟ್ಯಾಂಕ್ ಮತ್ತೆ ತುಂಬಿದೆ. ಗಾಳಿಯಲ್ಲಿ ತುಸು ವಾಲಿಕೊಂಡು ನಿಂತಿದೆ. ಕೀ ಮುಟ್ಟಿಲ್ಲ. ಮುಟ್ಟುವುದೂ ಇಲ್ಲ. ಎಣ್ಣೆ ಇಳಿಯಲಿ, ಕಾಯುತ್ತೇನೆ.

ಇನ್ನೂ ಏರಿಲ್ಲ. ಎಣ್ಣೆಯ ಮುಳ್ಳು ಒಂದು ಗೆರೆ ಇಳಿಯಿತು. ಈಗ ಸ್ವಲ್ಪ—