ರೈಲು ಹಳಿಯ ಈಚೆಯ ಶಾಲೆ

ಪಿಕೆಟ್ಸ್‌ವಿಲ್, ನಾರ್ತ್ ಕೆರೊಲಿನಾ
ಏಪ್ರಿಲ್ ೧೪, ೨೦೧೮

ಪ್ರೀತಿಯ ಅಮ್ಮಾ,

ಸೊಂಟದ ನೋವು ಹೇಗಿದೆ? ಕ್ಲೀವ್‌ಲ್ಯಾಂಡಿನಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ. ತಮ್ಮನ ಮನೆಯ ಮೆಟ್ಟಿಲು ಒಬ್ಬಳೇ ಇಳಿಯಬೇಡ. ಅವನ ಹೆಂಡತಿ ಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕುತ್ತಾಳೆಂದು ಮುಖ ಸಿಂಡರಿಸದೆ ತಿನ್ನು.

ಅಮ್ಮಾ, ನಾನು ಸೋತೆ. ಮಂಗಳವಾರ ಶಾಲಾ ಮಂಡಳಿ ತೀರ್ಮಾನ ಮಾಡಿಬಿಟ್ಟಿತು. ಆಗಸ್ಟಿನಿಂದ ರೈಲು ಹಳಿ ದಾಟುವ ಶಾಲಾ ಬಸ್ಸುಗಳಿಲ್ಲ. ಈಚೆಯ ನಮ್ಮ ಕಪ್ಪು ಜನರ ಮಕ್ಕಳಿಗೆ ಈಚೆಯ ಶಾಲೆ, ಆಚೆಯ ಬಿಳಿಯರ ಮಕ್ಕಳಿಗೆ ಆಚೆಯದು. ಎಲ್ಲ ಮಕ್ಕಳು ಒಂದೇ ತರಗತಿಯಲ್ಲಿ ಕೂತು ಕಲಿತರೆ ಏನಾಗುತ್ತದೆಂದು ಊರೂರು ಅಲೆದು ಅಧ್ಯಯನ ಮಾಡಿದ ನನಗೆ ಸ್ವಂತ ಊರಿನಲ್ಲಿ ಮಾತಾಡಲು ಸಿಕ್ಕಿದ್ದು ಎರಡೇ ನಿಮಿಷ. ಗಂಟೆ ಬಾರಿಸಿ ಮೈಕು ಆರಿಸಿದರು. ಅದಕ್ಕೆ ನನಗೆ ಅಳು ಬರಲಿಲ್ಲ. ಅಳು ಬಂದದ್ದು ನಮ್ಮ ಚರ್ಚಿನ ಲೂಬರ್ತಾ ಅತ್ತೆ ಎದ್ದು ನಿಂತಾಗ. "ನಮ್ಮ ಕೂಸುಗಳು ನಸುಕಲ್ಲೆದ್ದು ಅಲ್ಲೀವರೆಗೂ ಹೋಗಿ ಹಿಂದಿನ ಬೆಂಚಲ್ಲಿ ಕೂತಿದ್ದು ಸಾಕು. ನಿನ್ನ ಸಂಶೋಧನೆ ನೀನೇ ಇಟ್ಕೊಳೇ ವರ್ನಿಟಾ. ನಿಮ್ಮಮ್ಮನಂಥ ಟೀಚರನ್ನ ಕೊಡಿಸ್ತೀಯಾ, ಹೇಳು!" ಎಂದರು. ನಮ್ಮವರೇ ಹಿಂದಿನಿಂದ "ಆಮೆನ್" ಎಂದರು. ನಾನು ನನ್ನ ಕಾಗದಗಳನ್ನು ಮಡಚಿಕೊಂಡು ಕೂತೆ.

ಅತ್ತೆ ಹೇಳಿದ್ದು ಸುಳ್ಳೂ ಅಲ್ಲ. ಕಪ್ಪು-ಬಿಳಿ ಮಕ್ಕಳ ಶಾಲೆಗಳನ್ನು ಒಂದುಗೂಡಿಸಿದ ವರ್ಷ ಬೀಗ ಬಿದ್ದದ್ದು ನೀನು ಕಲಿಸುತ್ತಿದ್ದ ಈಚೆಯ ಶಾಲೆಗೇ. ನಿನ್ನನ್ನು ಆಚೆಯ ಶಾಲೆಗೆ ಕರೆದೊಯ್ದು, ಪಾಠ ಮಾಡಲು ಬಿಡದೆ ಪುಸ್ತಕದ ಕೋಣೆಯಲ್ಲಿ ಕೂರಿಸಿದರು. ಕಸಕ್ಕೆ ಎಸೆದಿದ್ದ ನಿಮ್ಮ ಶಾಲೆಯ ಟ್ರೋಫಿಗಳನ್ನು ಅಪ್ಪ ಹೆಕ್ಕಿ ತಂದು ಊಟದ ಕೋಣೆಯಲ್ಲಿಟ್ಟರು. ಈಸ್ಟರ್ ಬಂತೆಂದರೆ ನೀನು ಕೂತು ಅವನ್ನು ತಿಕ್ಕುತ್ತಿದ್ದೆ. ಆದರೂ ನನ್ನನ್ನು ಬಸ್ಸು ಹತ್ತಿಸುವಾಗ, "ಮುಂದಿನ ಬೆಂಚಲ್ಲೇ ಕೂತ್ಕೋ. ಯಾರು ಎಬ್ಬಿಸ್ತಾರೋ ನೋಡೋಣ" ಎನ್ನುತ್ತಿದ್ದೆ. ನಾನು ಇಷ್ಟು ವರ್ಷ ಬರೆದದ್ದೆಲ್ಲ ಆ ಮಾತಿನ ಮೇಲೆಯೇ ನಿಂತಿದೆ. ಈಗ ಎದೆ ಒಡೆದುಹೋಗಿದೆ, ಅಮ್ಮಾ. ಯಾರ ಮುಂದೆ ಹೇಳಿಕೊಳ್ಳಲಿ?

ತಮ್ಮನಿಗೂ ಮಕ್ಕಳಿಗೂ ನನ್ನ ಮುತ್ತು. ನಿನ್ನ ರಾತ್ರಿಯ ಪ್ರಾರ್ಥನೆಯಲ್ಲಿ ನನ್ನ ಹೆಸರೂ ಇರಲಿ.

ನಿನ್ನ ಮಗಳು,
ವರ್ನಿಟಾ

ತಾ.ಕ.: ಹೇಳಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಈಚೆಯ ಶಾಲೆ ಎಂದರೆ ನಿನ್ನ ಆ ಹಳೆಯ ಕಟ್ಟಡವೇ. ಬಣ್ಣ ಬಳಿದು ತೆರೆಯುತ್ತಾರೆ. ಅದಕ್ಕೆ ನಿನ್ನ ಹೆಸರನ್ನೇ ಇಡುತ್ತಾರಂತೆ, ಒಡೆಸ್ಸಾ ಪೆಟಿಫರ್ಡ್ ಶಾಲೆ. ರಿಬ್ಬನ್ ಕತ್ತರಿಸಲು ಕರೆಯುವುದಕ್ಕೆ ೨೨ರ ಭಾನುವಾರ ನಿನಗೆ ಫೋನು ಬರುತ್ತದೆ. ನನಗೆ ನೋವಾಗುತ್ತದೆಂದು ಬೇಡ ಎನ್ನಬೇಡ. ಟ್ರೋಫಿಗಳನ್ನು ನಾನೇ ಹೊತ್ತು ತರುತ್ತೇನೆ, ನಿನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತೇನೆ. ಬಾಗಿಲವರೆಗೂ ಬರುತ್ತೇನೆ, ಅಮ್ಮಾ. ಒಳಗೆ ಬಾ ಎಂದು ಮಾತ್ರ ಕರೆಯಬೇಡ.