ರಬ್ಬರಿನಲ್ಲಿ ಕೆತ್ತಿದ ಮುಖ

ರಾಜಗೋಪಾಲನಗರ, ಪೀಣ್ಯ
17 ನವೆಂಬರ್ 2024, ಭಾನುವಾರ

ಪ್ರೀತಿಯ ಸವಿತಾ,

ಮದುವೆಯ ಹೊಸತರಲ್ಲಿ ಬರೆದ ಹಾಗೆ ಚಿರಂಜೀವಿ ಸೌಭಾಗ್ಯವತಿ ಎಂದು ಶುರುಮಾಡಿ ಹೊಡೆದುಹಾಕಿದೆ. ಹಾಗೆ ಬರೆಯುವ ಹಕ್ಕು ನನಗಿಲ್ಲ ಅನ್ನಿಸಿತು. ನೀನು ಊರಿಗೆ ಹೋಗಿ ಐದು ವಾರವಾಯಿತು. ಫೋನು ಎತ್ತುವುದಿಲ್ಲ, ಅದು ಸರಿಯೇ. ಓದುತ್ತೀಯೋ ಹರಿದುಹಾಕುತ್ತೀಯೋ, ನಾನಂತೂ ಬರೆಯುತ್ತೇನೆ.

ಅವತ್ತು ಅಟ್ಟದಿಂದ ಹಂಡೆ ಇಳಿಸಲು ಹೋದ ನಿನ್ನ ಕೈಗೆ ಆ ಪುಸ್ತಕಗಳ ಕಟ್ಟು ಸಿಕ್ಕಿತು. ನಾನು ಪಾಳಿ ಮುಗಿಸಿ ಬಂದಾಗ ಒಂದು ಪ್ರತಿ ನಿನ್ನ ತೊಡೆಯ ಮೇಲಿತ್ತು. ನೀನು ಮೊದಲು, "ಚಿತ್ರ ಛಂದ ಅದಾವ್ರೀ," ಅಂದೆ. ಪುಟ ತಿರುವುತ್ತಾ ಹೋದಂತೆ ಒಬ್ಬನದೇ ಮುಖ ಮತ್ತೆ ಮತ್ತೆ ಬರುತ್ತಿತ್ತು. "ಈ ಮನಷ್ಯಾ ಯಾರು?" ಎಂದು ಕೇಳಿದೆ. ಕೆಲಸದ ಗೆಳೆಯ ಎಂದು ನಾನು ಹೇಳಿದೆ. ನೀನು ನನ್ನ ಉಗುರಿನ ಸಂದಿಯ ಶಾಯಿ ನೋಡಿದೆ. ರೊಟ್ಟಿ ಬಡಿದು ನನಗೆ ಬಡಿಸಿ, ಮಾರನೆಯ ಬೆಳಿಗ್ಗೆ ಯಾದಗಿರಿ ಬಸ್ಸು ಹತ್ತಿದೆ.

ಅವನು ಬಸಲಿಂಗ. ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ. ನಿನ್ನನ್ನು ನೋಡುವುದಕ್ಕೂ ಮೊದಲು ಮೂರು ವರ್ಷ ಅವನೂ ನಾನೂ ಒಂದೇ ಕೋಣೆಯಲ್ಲಿದ್ದೆವು. ಗೆಳೆಯರ ಹಾಗಲ್ಲ, ಗಂಡ ಹೆಂಡತಿ ಇರುವ ಹಾಗೆ. ಅವನ ಮನೆಯವರು ಹೆಣ್ಣು ನೋಡಿದರು, ಅವನು ಹೋದ. ನಾನೂ ಅವ್ವ ತೋರಿಸಿದ ಕಡೆ ತಲೆಯಾಡಿಸಿದೆ. ನನ್ನ ಮನಸ್ಸು ಹರಿಯುವುದು ಗಂಡಸರ ಕಡೆಗೆ, ಸವಿತಾ. ಮೀಸೆ ಮೂಡುವ ಮೊದಲಿನಿಂದಲೂ ಹಾಗೇ. ನಿನ್ನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಲಾಗದೆ ಕೆತ್ತಲು ಕುಳಿತೆ. ಕಾರ್ಖಾನೆಯಲ್ಲಿ ಯಂತ್ರದ ಸಂದಿಗೆ ಕೂರಿಸುವ ಗ್ಯಾಸ್ಕೆಟ್ ಕತ್ತರಿಸಿದ ಮೇಲೆ ರಬ್ಬರ್ ಹಾಳೆಯ ಚೂರುಗಳು ಉಳಿಯುತ್ತವೆ. ಅವನ್ನು ತಂದು ಬ್ಲೇಡಿನಲ್ಲಿ ಕೊರೆದು, ಶಾಯಿ ಸವರಿ ಕಾಗದಕ್ಕೆ ಒತ್ತುತ್ತಿದ್ದೆ. ಒಂದೇ ಡಬ್ಬಿಯಲ್ಲಿ ಉಣ್ಣುವ ಇಬ್ಬರು. ಬಸ್ ಸ್ಟಾಪಿನಲ್ಲಿ ಪರಿಚಯವೇ ಇಲ್ಲದವರಂತೆ ದೂರ ನಿಂತ ಇಬ್ಬರು. ಕೆಳಗೆ ಎರಡೆರಡು ಸಾಲು ಮಾತು. ಜೆರಾಕ್ಸ್ ಮಾಡಿಸಿ, ಗೋಣಿ ದಾರದಲ್ಲಿ ನಾನೇ ಹೊಲಿದೆ. ಓವರ್‌ಟೈಮ್ ಎಂದು ನಿನಗೆ ಸುಳ್ಳು ಹೇಳಿದ ಭಾನುವಾರಗಳಲ್ಲಿ ಸಿಟಿಗೆ ಹೋಗಿ, ನನ್ನಂಥವರು ಸೇರುವ ಒಂದು ಸಭಾಂಗಣದಲ್ಲಿ ಹಂಚಿ ಬರುತ್ತಿದ್ದೆ. ಅಲ್ಲೊಬ್ಬರು ವಯಸ್ಸಾದವರು ನಿಂತಲ್ಲೇ ಪೂರ್ತಿ ಓದಿ, "ಯಾರಪ್ಪಾ ಇದನ್ನ ಮಾಡಿದ್ದು? ಹೆಸರೇ ಇಲ್ವಲ್ಲ," ಎಂದು ಕೇಳಿದರು. ಗೊತ್ತಿಲ್ಲ ಸಾರ್ ಎಂದುಬಿಟ್ಟೆ. ಅಲ್ಲೂ ಹೇಳಲಾಗಲಿಲ್ಲ.

ಮೊನ್ನೆ ನಿನ್ನ ತಮ್ಮ ಇರಣ್ಣ ಫೋನು ಮಾಡಿದ್ದ. "ಅಕ್ಕಗ ಮಕ್ಕಳಾಗಂಗಿಲ್ಲಂತ ನಿಮ್ಮ ಮಂದಿನೇ ಊರೆಲ್ಲ ಹೇಳಾಕತ್ತಾರ, ಮಾವಾ. ಆಕಿ ಬಾಯೇ ಬಿಡವಲ್ಲಳು. ನಾಟಿ ಔಷಧಿ ಕೊಡೋರ ಹಂತೇಕ ವಾರವಾರ ಕರ್ಕೊಂಡು ಹೊಂಟೀವಿ," ಎಂದ. ಪುಸ್ತಕ ನೋಡಿದ ಮೇಲೂ ನೀನು ನನ್ನ ಗುಟ್ಟು ಮುಚ್ಚಿಟ್ಟು, ಯಾರೋ ಅರೆದುಕೊಟ್ಟ ಬೇರು ಕುಡಿಯುತ್ತಿದ್ದೀಯ.

ಇನ್ನು ಕುಡಿಯಬೇಡ. ಈ ಪತ್ರವನ್ನು ಇರಣ್ಣನಿಗೆ ಕೊಡು, ನಿಮ್ಮ ಅಪ್ಪನ ಮುಂದೆ ಓದಲಿ. ಜೊತೆಗೆ ಪುಸ್ತಕದ ಒಂದು ಪ್ರತಿ ಇಟ್ಟಿದ್ದೇನೆ. ಮುಖಪುಟವನ್ನು ಹೊಸದಾಗಿ ಕೆತ್ತಿದ್ದೇನೆ, ಅದರಲ್ಲಿ ನನ್ನ ಹೆಸರಿದೆ. ಅಕ್ಷರಗಳನ್ನು ತಿರುಗಾಮುರುಗಾ ಕೆತ್ತಬೇಕು, ಎರಡು ಸಲ ಕೆಟ್ಟಿತು. ಇಂಥದೇ ಒಂದು ಪ್ರತಿಯನ್ನು ಕಾರ್ಖಾನೆಯ ಊಟದ ಕೋಣೆಯಲ್ಲೂ ಇಟ್ಟೆ. ಈಗ ನನ್ನ ಮೇಜಿಗೆ ಯಾರೂ ಬಂದು ಕೂರುವುದಿಲ್ಲ.

ಬರುವ ಭಾನುವಾರ ಊರಿಗೆ ಬಂದು ಹಿರಿಯರ ಎದುರು ಇದನ್ನೇ ಹೇಳುತ್ತೇನೆ. ಹೊಡೆದರೆ ಹೊಡೆಯಲಿ. ವಿಚ್ಛೇದನಕ್ಕೆ ನೀನು ಕರೆದಲ್ಲಿ ಬಂದು ಸಹಿ ಹಾಕುತ್ತೇನೆ. ಕ್ಷಮಿಸು ಎಂದು ಕೇಳಲಾರೆ.

ಹೆಸರಿಗಷ್ಟೇ ನಿನ್ನ ಗಂಡನಾಗಿದ್ದ,
ರೇವಣಸಿದ್ದ

ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು: ಕಳೆದ ಯುಗಾದಿಯಲ್ಲಿ ಅವ್ವ ಮೊಮ್ಮಗುವಿನ ಮಾತು ತೆಗೆದಾಗ, ಡಾಕ್ಟರು ಸವಿತಾಳದೇ ದೋಷ ಅಂದಿದ್ದಾರೆ ಎಂದು ಹೇಳಿದವನು ನಾನೇ. ನಾವು ಯಾವ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಇರಣ್ಣ ಇದನ್ನೂ ಗಟ್ಟಿಯಾಗಿ ಓದಲಿ. ಆಗ ನೀನು ಬಾಗಿಲ ಆಚೆ ಜೋಳ ಕೇರುತ್ತಿದ್ದೆ. ಮೊರದ ಸದ್ದು ಒಮ್ಮೆಲೇ ನಿಂತದ್ದು ನನಗೆ ಕೇಳಿಸಿತ್ತು.