ನಮ್ಮ ಬಡಾವಣೆಯ ಅವಿರೋಧ ಆಯ್ಕೆ

೧೪ ಮಾರ್ಚ್ ೧೯೯೯
ನಲ್ಲಿಯಲ್ಲಿ ಇವತ್ತೂ ಬರೀ ಗಾಳಿ. ಬೆಳಿಗ್ಗೆ ನಮ್ಮ ಹಾಲ್‌ನಲ್ಲೇ ಬಡಾವಣೆ ಸಂಘದ ಮೀಟಿಂಗ್. ನಮ್ಮ ಯಜಮಾನರೇ ಕಾರ್ಯದರ್ಶಿ, ಮೊದಲಿನಿಂದಲೂ. ಎಲ್ಲರೂ ಉಪ್ಪಿಟ್ಟು ತಿಂದರು, ಸರ್ಕಾರವನ್ನು ಬೈದರು, ನೀರಿನ ವಿಷಯ ಮುಂದಿನ ತಿಂಗಳಿಗೆ ಹಾಕಿದರು. ಮಹಡಿಯಲ್ಲಿ ಬಾಡಿಗೆಗಿರುವ ಸಂಗಮೇಶ ಬೋರ್‌ವೆಲ್‌ನಿಂದ ನನಗೂ ಎರಡು ಕೊಡ ಹೊತ್ತು ತಂದ.

೧೯ ಮಾರ್ಚ್
ಎದುರುಮನೆ ನಾಗಲಕ್ಷ್ಮಮ್ಮನ ಸರ ಕಿತ್ತುಕೊಂಡು ಹೋದರು. ಹಾಲಿನ ಬೂತ್ ಹತ್ತಿರ, ಹಾಡಹಗಲೇ. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಸಂಜೆ ಬೀದಿಯಲ್ಲಿ ಎಲ್ಲರದೂ ಒಂದೇ ಮಾತು — "ಯಾರಾದ್ರೂ ಗಟ್ಟಿಗ ಬೇಕು ಸಾರ್." ಯಾರ ಮೇಲೆ ಗಟ್ಟಿ ಅಂತ ಒಬ್ಬರೂ ಕೇಳಲಿಲ್ಲ.

೪ ಏಪ್ರಿಲ್
ಮೂಲೆಮನೆ ಕಂಟ್ರಾಕ್ಟರ್ ಕಿಟ್ಟಿ, ನೀರು ಬಿಡುವವನ ಕಾಲರ್ ಹಿಡಿದು ಕಪಾಳಕ್ಕೊಂದು ಬಿಟ್ಟನಂತೆ. ನೀರು ಬಂತು! ಹೊಡೆದದ್ದನ್ನು ಕಂಡವರು ಚಪ್ಪಾಳೆ ತಟ್ಟಿದರಂತೆ. ನಾನೂ ಸಂಪು ತುಂಬಿಸಿಕೊಂಡೆ. ಸುಳ್ಳೇಕೆ, ಖುಷಿಯಾಯಿತು.

೧೮ ಏಪ್ರಿಲ್
ಕಿಟ್ಟಿ ಅಧ್ಯಕ್ಷ. ಅವಿರೋಧ. ಈ ಸಂಘದಲ್ಲಿ ಚುನಾವಣೆ ಅಂತ ಎಂದೂ ನಡೆದಿಲ್ಲ, ಅದೇ ಇವರ ಹೆಮ್ಮೆ. "ನಾವೇನು ಬೀದಿ ಜಗಳ ಆಡೋರಾ, ಓಟು ಗೀಟು ಅನ್ನಕ್ಕೆ?" ವಿದ್ಯಾವಂತರು, ಪೆನ್ಷನ್‌ದಾರರು... ಎದುರು ಮಾತಾಡುವುದು ಇವರೆಲ್ಲರ ಮರ್ಯಾದೆಗೆ ಕಡಿಮೆ. ನೋಡಿದರೆ ಮೈ ಉರಿಯುತ್ತದೆ.

೨೭ ಜೂನ್
ರಸ್ತೆಯ ಎರಡೂ ತುದಿಗೆ ಗೇಟು. ಒಂಬತ್ತಕ್ಕೆ ಬೀಗ, ಕೀ ಕಿಟ್ಟಿಯ ಜೇಬಿನಲ್ಲಿ. ಬಾಡಿಗೆಯವರು ಮೀಟಿಂಗಿಗೆ ಬರುವಂತಿಲ್ಲ, ಕಳ್ಳರಿಗೆ ಸುಳಿವು ಕೊಡುವವರು ಅವರೇ ಅಂತೆ! ಸಂಗಮೇಶ ಪ್ರೆಸ್ಸಿನಿಂದ ಬರುವುದೇ ಹತ್ತಕ್ಕೆ. ಗೇಟು ಹಾರಿ ಬಂದ. ಬೆಳಿಗ್ಗೆ ಕಿಟ್ಟಿಯನ್ನು ನಿಲ್ಲಿಸಿ ಕೇಳಿಯೂಬಿಟ್ಟ — "ಎಲ್ಲಾರೂ ಅಡ್ಡಾಡೋ ರಸ್ತೆಗೆ ಬೀಗ ಯಾಕ್ರೀ?" ಕಿಟ್ಟಿ ಬರೀ ನಕ್ಕನಂತೆ. ಸಂಗಮೇಶನ ಹೆಂಡತಿ ಶ್ವೇತಾ ಬಸುರಿ. ಹೆದರಿಕೊಂಡಿದ್ದಾಳೆ.

೧೧ ಜುಲೈ, ಸಂಜೆ
ಮೀಟಿಂಗ್ ನಮ್ಮಲ್ಲೇ. ಎರಡು ನಿರ್ಣಯ. ಕಿಟ್ಟಿ ತಾನಾಗಿ ಸಾಕು ಅನ್ನುವವರೆಗೂ ಕಿಟ್ಟಿಯೇ ಅಧ್ಯಕ್ಷ. ಸಂಗಮೇಶನಿಂದ ಮನೆ ಖಾಲಿ ಮಾಡಿಸುವುದು. ನಮ್ಮ ಮಹಡಿ, ನಮ್ಮ ಬಾಡಿಗೆಯವರು, ನನ್ನನ್ನು ಒಂದು ಮಾತು ಕೇಳಿದವರಿಲ್ಲ!

"ಯಾರ್ದಾದ್ರೂ ವಿರೋಧ ಇದ್ಯಾ?" ಅಂದ ಕಿಟ್ಟಿ. ಅಡುಗೆಮನೆ ಬಾಗಿಲಲ್ಲಿ ನಿಂತು ಕೈ ಎತ್ತಿದೆ. ನೆಟ್ಟಗೆ ನನ್ನನ್ನೇ ನೋಡಿದ.

"ಶಾಂತಕ್ಕ ಕಾಫಿ ರೆಡಿ ಅಂತಿದ್ದಾರೆ, ಲೋಟ ತಗೊಳ್ರಪ್ಪಾ."

ಎಲ್ಲರೂ ನಕ್ಕರು. ನಾಗಲಕ್ಷ್ಮಮ್ಮ ನಕ್ಕಳು. ಇವರೂ ನಕ್ಕರು — ಕರಿಬಸವಯ್ಯನವರು, ನನ್ನ ಗಂಡ. ನಕ್ಕು, 'ಅವಿರೋಧ' ಎಂದು ಬರೆದರು. ಥೂ. ಆ ಲೋಟಗಳನ್ನು ತೊಳೆದಿಟ್ಟು ಇವರ ಮುಂದೆ ಹೋಗಿ ನಿಂತೆ.

"ನನ್ನ ಕೈ ಕಾಣ್ಲಿಲ್ವಾ ನಿಮಗೆ?"

"ಕಾಣ್ತು ಕಣೆ. ಒಂದು ಕೈಗೋಸ್ಕರ ಇಷ್ಟು ವರ್ಷದ ಒಳ್ಳೆ ಹೆಸ್ರು ಕೆಡಿಸ್ಕೋಬೇಕಾ?"

೧ ಆಗಸ್ಟ್
ಟೆಂಪೋ ಬಂದಿದೆ. ಶ್ವೇತಾ ಮನೆಯ ಕೀ ಕೊಡಲು ಬಂದಳು. ಕರೆದರೂ ಹೊಸಿಲು ದಾಟಲಿಲ್ಲ.

"ನಮ್ಮನ್ನ ಮನಿ ಬಿಡ್ಸಾಕ ನೀವೂ ಒಪ್ಪಿದ್ರಂತಲ್ರೀ, ಆಂಟಿ? ಒಬ್ರೂ ಬ್ಯಾಡ ಅನ್ಲಿಲ್ಲಂತ, ಅಂಕಲ್ ಹೇಳಿದ್ರು."

ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಇವರು, "ಸಂಘದ ತೀರ್ಮಾನ ಕಣಮ್ಮ, ಅವಳ್ದೇನಿದೆ ಅದ್ರಲ್ಲಿ," ಅಂದುಬಿಟ್ಟರು. ಶ್ವೇತಾ ಮತ್ತೆ ನನ್ನ ಮುಖ ನೋಡಲಿಲ್ಲ. ಬೀರು ಏರಿಸುತ್ತಿರುವ ಸದ್ದು ಇಲ್ಲಿಗೇ ಕೇಳುತ್ತಿದೆ. ಇವರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಾರೆ. ಏಳದಿದ್ದರೆ ಕುರ್ಚಿ ಸಮೇತ ಪಕ್ಕಕ್ಕೆ ತಳ್ಳುತ್ತೇನೆ. ಟೆಂಪೋ ಸ್ಟಾರ್ಟ್ ಆಯಿತು. ಬೀದಿಯವರೆಲ್ಲ ಕೇಳಲಿ, ನಾನು ಒಪ್ಪಿರಲಿಲ್ಲ, ಕೈ ಎತ್ತಿ—